ಧಾರವಾಡದ ಹಾಸ್ಟೆಲ್ ಕೋಣೆಗೆ: ಬ್ಲೂಟೂತ್ ಸ್ಪೀಕರೋ, ವೈರಿನ ಜೋಡಿಯೋ?

10×10 ಅಡಿ ಕೋಣೆಗೆ ಸಬ್‌ವೂಫರ್ (ತಗ್ಗು ಸ್ವರಕ್ಕೆಂದೇ ಇರುವ ಸ್ಪೀಕರ್) ಬೇಡವೇ ಬೇಡ. ಮೂಲೆಯಲ್ಲಿಟ್ಟರೆ ಬರೀ ಗುಂಯ್‌ಗುಡುತ್ತದೆ, ಪಕ್ಕದ ಕೋಣೆಯವರ ನಿದ್ದೆಯೂ ಕೆಡುತ್ತದೆ.

ಬ್ಲೂಟೂತ್ ಸ್ಪೀಕರ್ ಕರೆಂಟ್ ಹೋದರೂ ಹಾಡುತ್ತದೆ, ಊರಿಗೆ ಹೊರಟಾಗ ಚೀಲದಲ್ಲಿ ಹಿಡಿಸುತ್ತದೆ. ಆದರೆ ಶಬ್ದ ತುಸು ತಡವಾಗಿ ಬರುವುದರಿಂದ ಗೇಮಿಗೆ, ಕೀಬೋರ್ಡ್ ವಾದ್ಯದ ಅಭ್ಯಾಸಕ್ಕೆ ಒಗ್ಗದು.

ಮೇಜಿನ ಮುಂದೆ ಕೂತು ಕೇಳುವವರಿಗೆ ಯುಎಸ್‌ಬಿಯಿಂದ ನಡೆಯುವ ಜೋಡಿ ಸ್ಪೀಕರೇ ಮೇಲು. ಹಿಂದೂಸ್ತಾನಿ ಬೈಠಕ್‌ನ ಸ್ಟೀರಿಯೋ ಮುದ್ರಣ ಹಚ್ಚಿ: ತಂಬೂರಿ, ತಬಲಾ ಬಿಡಿಬಿಡಿಯಾಗಿ ತಿಳಿಯುತ್ತವೆ. ಎರಡು ಸ್ಪೀಕರುಗಳ ನಡುವೆ ಸುಮಾರು 3 ಅಡಿ ಅಂತರವಿರಲಿ, ನಿಮ್ಮ ಕಿವಿಗೂ ಅಷ್ಟೇ ದೂರ. ಕೆಳಗೆ ದಪ್ಪ ಪುಸ್ತಕವಿಟ್ಟು ಕಿವಿಯ ಮಟ್ಟಕ್ಕೆ ಏರಿಸಿ.

ಈ ಜೋಡಿಯ ಕಾಟ ಒಂದೇ, ಝುಮ್ಮೆನ್ನುವ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ಅದು ನಿಂತರೆ ದೋಷ ಸ್ಪೀಕರಿನದಲ್ಲ. ಸ್ಪೀಕರಿಗೆ ಬೇರೆ ಮೊಬೈಲ್ ಚಾರ್ಜರಿನಿಂದ ಕರೆಂಟ್ ಕೊಟ್ಟು ನೋಡಿ.