ಡೊಮೇನ್ ಸಿಗದ ಸರ್ವರ್, ಎಸ್‌ಪಿ ರಸ್ತೆಯಿಂದ ಬಂದ ರಿಪೇರಿಯವರು

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲೆಕ್ಕ ನೋಡಿಕೊಳ್ಳುವವಳು ನಾನು. 14 ಕಂಪ್ಯೂಟರ್, ಎರಡು ಸರ್ವರ್ ಇವೆ. ಇವೆಲ್ಲ ಸೇರಿದ ಆಫೀಸಿನ ಗುಂಪಿಗೆ ಡೊಮೇನ್ ಅನ್ನುತ್ತಾರೆ. ಒಂದು ಸರ್ವರ್ ಡೊಮೇನ್ ಕಂಟ್ರೋಲರ್, ಎಲ್ಲರ ಲಾಗಿನ್ ಅದರ ಕೈಯಲ್ಲಿ. ಇನ್ನೊಂದರಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಜೊತೆಗೆ ಗಿರಾಕಿಗಳ ಡಿಸೈನ್ ಫೈಲುಗಳು.

ಭಾನುವಾರ ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೂಡ ಖಾಲಿಯಾಯಿತು. ಸೋಮವಾರ ಬೆಳಿಗ್ಗೆ ನೋಡಿದರೆ ಟ್ಯಾಲಿ ಸರ್ವರ್‌ಗೆ ಡೊಮೇನ್ ಸಿಗುತ್ತಿಲ್ಲ. ಯಾರೂ ಒಳಗೆ ಹೋಗುವ ಹಾಗಿಲ್ಲ. ಅವತ್ತು 9ನೇ ತಾರೀಕು. 11ರೊಳಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ರಿಟರ್ನ್, ಹಾಕಬೇಕು. ನನಗೆ ಕೈಕಾಲೇ ಆಡಲಿಲ್ಲ.

ಯಾವಾಗಲೂ ಬರುವ ಟೆಕ್ನಿಷಿಯನ್ ಬಂದು ಪಿಂಗ್ ಮಾಡಿದರು, ಅಂದರೆ ಒಂದು ಕಂಪ್ಯೂಟರ್‌ನಿಂದ ಇನ್ನೊಂದನ್ನು ಕೂಗಿ ನೋಡಿದರು. ಉತ್ತರ ಬಂತು. 'ನೆಟ್‌ವರ್ಕ್ ಸರಿ ಇದೆ, ವಿಂಡೋಸ್ ಹೋಗಿದೆ. ಫಾರ್ಮ್ಯಾಟ್ ಮಾಡಬೇಕು, ಎರಡು ದಿನ' ಅಂದರು. ನಾನು ಒಪ್ಪಲಿಲ್ಲ. ಪಕ್ಕದ ಬೈಂಡಿಂಗ್ ಅಂಗಡಿಯವರು ಎಸ್‌ಪಿ ರಸ್ತೆಯ ಒಂದು ಸಣ್ಣ ಸರ್ವಿಸ್ ಅಂಗಡಿಯ ನಂಬರ್ ಕೊಟ್ಟರು. ಈ ರಿವ್ಯೂ ಆ ಅಂಗಡಿಯವರ ಬಗ್ಗೆ.

ಹನ್ನೊಂದಕ್ಕೆ ಬರುತ್ತೇನೆ ಅಂದವರು ಬಂದಿದ್ದು ಹನ್ನೆರಡೂವರೆಗೆ. ಅದೊಂದು ಬೇಸರ. ಆದರೆ ಬಂದವರು ಕೀಬೋರ್ಡ್ ಮುಟ್ಟುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: 'ಮೇಡಂ, ಮೊನ್ನೆಯಿಂದ ಇಲ್ಲಿ ಏನಾದರೂ ಬದಲಾಯಿಸಿದ್ದೀರಾ?' ಆಗ ನೆನಪಾಯಿತು. ಶನಿವಾರ ಸಂಜೆ, ಎಲ್ಲರೂ ಹೊರಟ ಮೇಲೆ, ಇಂಟರ್ನೆಟ್‌ನವರು ರೂಟರ್ ಬದಲಿಸಿದ್ದರು. ಟ್ಯಾಲಿ ಸರ್ವರ್‌ನಲ್ಲಿ ನೆಟ್ ಬರುತ್ತಿಲ್ಲ ಎಂದು ಅವರೇ ಅದರಲ್ಲೂ ಏನೋ ಸೆಟ್ಟಿಂಗ್ ಮಾಡಿದ್ದರು.

ಕಾರಣ ಅಲ್ಲೇ ಇತ್ತು. ಹೆಸರು ಕೊಟ್ಟರೆ ಅದರ ಐಪಿ ನಂಬರ್ ಹುಡುಕಿಕೊಡುವುದು ಡಿಎನ್‌ಎಸ್. ಸರ್ವರ್‌ನ ಡಿಎನ್‌ಎಸ್ ಜಾಗದಲ್ಲಿ 8.8.8.8 ಕೂತಿತ್ತು. ಅದು ಗೂಗಲ್ ಎಲ್ಲರಿಗೂ ಕೊಡುವ ಡಿಎನ್‌ಎಸ್. ವೆಬ್‌ಸೈಟುಗಳಿಗೆ ಅದು ಸಾಕು. ನಮ್ಮ ಡೊಮೇನ್ ಎಲ್ಲಿದೆ ಅನ್ನುವುದು ಮಾತ್ರ ನಮ್ಮ ಡೊಮೇನ್ ಕಂಟ್ರೋಲರ್‌ನಲ್ಲಿರುವ ಡಿಎನ್‌ಎಸ್‌ಗಷ್ಟೇ ಗೊತ್ತು. ನಮ್ಮ ಬೀದಿಯ ಮನೆಯನ್ನು ಮೆಜೆಸ್ಟಿಕ್‌ನಲ್ಲಿ ನಿಂತು ಕೇಳಿದರೆ ಯಾರು ಹೇಳುತ್ತಾರೆ, ಅಲ್ವಾ? ಐಪಿ ನಂಬರ್ ಹಾಕಿ ಪಿಂಗ್ ಮಾಡಿದರೆ ಉತ್ತರ ಬರುತ್ತಿತ್ತು. ಡಿಎನ್‌ಎಸ್‌ನಲ್ಲಿ ಹೆಸರು ಹುಡುಕುವ ಎನ್‌ಎಸ್‌ಲುಕಪ್ ಕಮಾಂಡ್‌ನಲ್ಲಿ ಡೊಮೇನ್ ಹೆಸರು ಹಾಕಿದರೆ ಅಂಥ ಹೆಸರೇ ಇಲ್ಲ ಅನ್ನುತ್ತಿತ್ತು. ಮೊದಲು ಬಂದವರು ನಂಬರ್ ಅಷ್ಟೇ ನೋಡಿದ್ದರು.

8.8.8.8 ತೆಗೆದು ಡೊಮೇನ್ ಕಂಟ್ರೋಲರ್‌ನ ವಿಳಾಸ ಹಾಕಿದರು. ಡೊಮೇನ್ ಸಿಕ್ಕಿತು. ಲಾಗಿನ್ ಮಾತ್ರ ಇನ್ನೂ ಆಗಲಿಲ್ಲ. ನನ್ನ ಎದೆ ಮತ್ತೆ ಧಸಕ್ಕೆಂದಿತು. ಅವರು ಪರದೆಯ ಮೂಲೆಯಲ್ಲಿದ್ದ ಗಡಿಯಾರ ತೋರಿಸಿದರು. 40 ನಿಮಿಷ ಹಿಂದಿತ್ತು. ಲಾಗಿನ್ ನೋಡಿಕೊಳ್ಳುವ ಕರ್ಬೆರೋಸ್ ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸದವರೆಗೆ ಮಾತ್ರ ಒಪ್ಪುತ್ತದಂತೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ, ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಸೋತಿತ್ತು. ಬ್ಯಾಗಿನಿಂದಲೇ ಹೊಸದು ತೆಗೆದು ಹಾಕಿದರು, ಟೈಮ್ ಸರಿ ಮಾಡಿದರು. ಒಂದೂ ಮುಕ್ಕಾಲಿಗೆ ಟ್ಯಾಲಿ ತೆರೆಯಿತು. ಸಮಾಧಾನದಲ್ಲಿ ನನಗೆ ಕಣ್ಣೇ ತುಂಬಿ ಬಂತು.

ಇನ್ನೊಂದು ಮಾತು ಹೇಳಲೇಬೇಕು. ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸಿದರೆ ಆಗುತ್ತಿರಲಿಲ್ವಾ ಎಂದು ಕೇಳಿದೆ. ಅದಕ್ಕವರು, 'ಲೋಕಲ್ ಅಡ್ಮಿನ್, ಅಂದರೆ ಡೊಮೇನ್ ಇಲ್ಲದೆಯೂ ಆ ಸರ್ವರ್ ತೆರೆಯುವ ಲಾಗಿನ್, ಅದರ ಪಾಸ್‌ವರ್ಡ್ ಗೊತ್ತಿಲ್ಲದೆ ಹಾಗೆ ತೆಗೆದರೆ ನೀವೇ ಹೊರಗೆ ಉಳಿಯುತ್ತೀರಿ ಮೇಡಂ. ಸರ್ವರ್‌ಗೆ ಡೊಮೇನ್ ಜೊತೆಗಿನ ನಂಬಿಕೆ ಮುರಿದಿದ್ದರೆ ಮಾತ್ರ ತೆಗೆದು ಸೇರಿಸುವ ಮಾತು. ನಿಮ್ಮದು ಮುರಿದಿಲ್ಲ' ಅಂದರು. ಸುಮ್ನೆ ಬಾಯಿಮಾತಲ್ಲ, ವಿಂಡೋಸ್‌ಗೆ ಕಮಾಂಡ್ ಕೊಡುವ ಪವರ್‌ಶೆಲ್‌ನಲ್ಲಿ ಆ ನಂಬಿಕೆಯನ್ನು ಪರೀಕ್ಷೆ ಮಾಡಿ 'ಟ್ರೂ' ಎಂದು ಬಂದಿದ್ದನ್ನೂ ತೋರಿಸಿದರು. ಇಷ್ಟು ಬಿಡಿಸಿ ಹೇಳುವವರನ್ನು ನಾನು ಈ ಕೆಲಸದಲ್ಲಿ ಜಾಸ್ತಿ ನೋಡಿಲ್ಲ.

ಬ್ಯಾಟರಿ ಸೇರಿ 1,800 ರೂಪಾಯಿ ತೆಗೆದುಕೊಂಡರು. ಬಿಲ್ ಮಾತ್ರ ಎರಡು ಸಲ ಫೋನ್ ಮಾಡಿದ ಮೇಲೆ ಬಂತು. ಅದೂ ತಡ ಮಾಡುವುದೂ ತಿದ್ದಿಕೊಳ್ಳಬೇಕಾದ ವಿಷಯಗಳೇ. ಅದಕ್ಕೆ ಐದರಲ್ಲಿ ನಾಲ್ಕು ಸ್ಟಾರ್.

ಹೊರಡುವಾಗ ಸರಿಯಾದ ಡಿಎನ್‌ಎಸ್ ವಿಳಾಸವನ್ನು ಚೀಟಿಯಲ್ಲಿ ಬರೆದು ಸರ್ವರ್ ಮೇಲೆ ಅಂಟಿಸಿದರು. ಕೆಳಗೆ ದಪ್ಪಕ್ಷರದಲ್ಲಿ, 'ಇಂಟರ್ನೆಟ್‌ನವರು ಬಂದರೆ ಮೊದಲು ಇದನ್ನು ತೋರಿಸಿ.'