ಆರೋಗ್ಯ ಕರ್ನಾಟಕ ಯೋಜನೆ: ಮಲೆನಾಡಿನ ಮಕ್ಕಳ ಕ್ಯಾನ್ಸರ್ ಆಪರೇಷನ್‌ಗೆ ಎಷ್ಟು ಒದಗುತ್ತದೆ?

ಹಣದ ಮಟ್ಟಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ನಿಜಕ್ಕೂ ದೊಡ್ಡ ಆಸರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ. 30, ಹೆಚ್ಚೆಂದರೆ 1.5 ಲಕ್ಷ. ಎಡವುವುದೆಲ್ಲ ಸಮಯದ ವಿಷಯದಲ್ಲಿ.

ಮೂತ್ರಪಿಂಡದ ವಿಲ್ಮ್ಸ್ ಗಡ್ಡೆಯನ್ನೇ ತೆಗೆದುಕೊಳ್ಳಿ. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಸ್ನಾನ ಮಾಡಿಸುವಾಗ ಹೊಟ್ಟೆಯ ಒಂದು ಪಕ್ಕ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಮಗು ಆಡಿಕೊಂಡೇ ಇರುವುದರಿಂದ ಜಂತುಹುಳದ ಔಷಧದಲ್ಲೇ ವಾರಗಳು ಹೋಗುತ್ತವೆ. (ಗಡ್ಡೆಯನ್ನು ಬಂದವರೆಲ್ಲ ಒತ್ತಿ ನೋಡಬೇಡಿ. ಒಡೆದರೆ ಹೊಟ್ಟೆಯೊಳಗೆ ಹರಡುತ್ತದೆ.) ಆಪರೇಷನ್‌ಗೆ ಮೊದಲು ಕಿಮೋ (ಕ್ಯಾನ್ಸರ್ ಕೋಶ ಕೊಲ್ಲುವ ಔಷಧ) ಕೊಡುವ ಪದ್ಧತಿಯಲ್ಲಿ, ರೋಗ ಬೇರೆಡೆ ಹರಡಿಲ್ಲದಿದ್ದರೆ, ವಿನ್‌ಕ್ರಿಸ್ಟಿನ್ ಎಂಬ ಔಷಧ ವಾರಕ್ಕೊಂದರಂತೆ 4 ಬಾರಿ, ಆಕ್ಟಿನೋಮೈಸಿನ್-ಡಿ ಎಂಬ ಇನ್ನೊಂದು 1 ಮತ್ತು 3ನೇ ವಾರ. 5–6ನೇ ವಾರಕ್ಕೆ ಆಪರೇಷನ್. ಗಡ್ಡೆ ಕುಗ್ಗಿರುವುದು ಆಗ. ಆಪರೇಷನ್ ಮುಂದಕ್ಕೆ ಹೋಗುತ್ತಾ ಇದ್ದರೆ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ, ಕಿಮೋದಲ್ಲಿ ಪಟ್ಟ ಕಷ್ಟ ವ್ಯರ್ಥ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ, ಬಡ ದೇಶಗಳಲ್ಲಿ ಅನೇಕ ಕಡೆ ಶೇ. 30 ಕೂಡ ಇಲ್ಲ. ಇಂಥ ವಿಳಂಬವೂ ಅದಕ್ಕೊಂದು ಕಾರಣ.

ಕಾಗದದಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಎರಡು-ಮೂರು ವರ್ಷದ ಮಗುವಿನ ಹೆಸರು ಎಷ್ಟೋ ರೇಷನ್ ಕಾರ್ಡುಗಳಲ್ಲಿ ಸೇರಿಯೇ ಇರುವುದಿಲ್ಲ. ಹೆಸರನ್ನೂ ಮಗುವಿನ ಆಧಾರನ್ನೂ ಮೊದಲೇ ಮಾಡಿಸಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಶಿವಮೊಗ್ಗದಲ್ಲಿ ಮೆಗ್ಗಾನ್ ಇದೆ. ಚೀಟಿಯಲ್ಲಿ ಬರೀ 'ಹೊಟ್ಟೆ ಗಡ್ಡೆ' ಎಂದಿರದೆ ಸ್ಕ್ಯಾನ್ ವರದಿಯಲ್ಲಿರುವ ರೋಗದ ಹೆಸರೇ ಇರಲಿ. ಸ್ಕ್ಯಾನಿನ ಸಿಡಿ ಕೈಯಲ್ಲಿರಲಿ, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷೆ) ಆಗಿದ್ದರೆ ಆ ಚೂರಿನ ಗಾಜಿನ ಸ್ಲೈಡು, ಮೇಣದ ಬ್ಲಾಕು ಎರಡೂ ಕೇಳಿ ಪಡೆಯಿರಿ. ಇಲ್ಲದಿದ್ದರೆ ಚಿಕಿತ್ಸೆಗೆ ಬೆಂಗಳೂರಿಗೆ ಹೋದಾಗ ಪರೀಕ್ಷೆಗಳೆಲ್ಲ ಮತ್ತೆ ಮೊದಲಿನಿಂದ. ಕಿಮೋ ಶುರುವಾದ ದಿನವೇ ಆಪರೇಷನ್ ತಾರೀಖು ಕೇಳಿ, ಯೋಜನೆಯ ಮಂಜೂರಾತಿ ಅರ್ಜಿ ಯಾವಾಗ ಹೋಗುತ್ತದೆಂದು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ವಿಚಾರಿಸಿ.

ಜ್ವರ, ಕೆಮ್ಮು, ಪ್ಲೇಟ್‌ಲೆಟ್ ಇಳಿಕೆ, ರಕ್ತ ಸಿಗದಿರುವುದು: ಕೊನೆ ಗಳಿಗೆಯಲ್ಲಿ ತಾರೀಖು ತಪ್ಪಿಸುವುದು ಹೆಚ್ಚಾಗಿ ಇವೇ. ರಕ್ತಪರೀಕ್ಷೆಯನ್ನು ಹೊರಡುವ ಮೊದಲು ಊರಲ್ಲೇ ಮಾಡಿಸಿದರೆ ಸುಮ್ಮನೆ 300 ಕಿ.ಮೀ. ಹೋಗಿಬರುವುದು ತಪ್ಪುತ್ತದೆ. ಮಣಿಪಾಲಕ್ಕೆ ಹೋಗುವವರು ಮಳೆಗಾಲದಲ್ಲಿ ಆಗುಂಬೆ ಘಾಟಿಯ ಗುಡ್ಡ ಕುಸಿತ ನೆನಪಿಟ್ಟು ಒಂದು ದಿನ ಮೊದಲೇ ಹೊರಡಿ. ರೈಲಿನಲ್ಲಿ ಸ್ಲೀಪರ್ ಮತ್ತು ಥರ್ಡ್ ಎಸಿಗೆ ರೋಗಿಗೆ ಪೂರ್ಣ ರಿಯಾಯಿತಿ, ಜೊತೆಗಾರರಿಗೆ ಶೇ. 75, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು.