ಪ್ಯಾಚ್ ಹಾಕಿ ಆಯ್ತು, ಆದರೆ ಸರ್ವರ್ ಹಳೆಯ ಲೈಬ್ರರಿಯಲ್ಲೇ ಓಡುತ್ತಿದೆ

ಡೆಬಿಯನ್ 12 ಲಿನಕ್ಸ್ ಹಾಕಿದ್ದ ಒಂದು ವೆಬ್ ಸರ್ವರ್. ಅಪ್‌ಡೇಟ್‌ಗಳನ್ನು ತಾನಾಗಿ ಹಾಕುವ ಅನಟೆಂಡೆಡ್-ಅಪ್‌ಗ್ರೇಡ್ಸ್ ಚಾಲೂ ಇತ್ತು, ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಸೆಕ್ಯುರಿಟಿ ಅಪ್‌ಡೇಟ್ ಬಂದ ರಾತ್ರಿಯೇ ಇನ್‌ಸ್ಟಾಲ್ ಆಗಿತ್ತು. ಲಾಗ್‌ನಲ್ಲಿ ಎರರ್ ಇಲ್ಲ. ‘ಓಪನ್‌ಎಸ್‌ಎಸ್‌ಎಲ್ ವರ್ಶನ್’ ಅಂತ ಕೊಟ್ಟರೆ ಹೊಸ ನಂಬರೇ ಬರುತ್ತಿತ್ತು. ಆದರೂ ವೆಬ್ ಸರ್ವರ್ ಪ್ರೋಗ್ರಾಂ ಎಂಜಿನ್‌ಎಕ್ಸ್ ವಾರಗಟ್ಟಲೆ ತೂತಿದ್ದ ಹಳೆಯ ಕೋಡನ್ನೇ ಓಡಿಸುತ್ತಿತ್ತು. ಇದೇ ಸ್ಥಿತಿಯಲ್ಲಿರುವ ಸರ್ವರ್‌ಗಳು ಬೇಕಾದಷ್ಟಿವೆ. ದಯವಿಟ್ಟು ನಿಮ್ಮದನ್ನು ಇವತ್ತೇ ನೋಡಿ.

ಕಾರಣ ಇಷ್ಟು. ಡೆಬಿಯನ್‌ನಲ್ಲಿ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಡಿಪಿಕೆಜಿ ಹಳೆಯ ಫೈಲಿನ ಮೇಲೆ ಬರೆಯುವುದಿಲ್ಲ. ಹೊಸದನ್ನು ಪಕ್ಕದಲ್ಲಿ ಇಳಿಸಿ, ಆಮೇಲೆ ಹೆಸರು ಬದಲಿಸುತ್ತದೆ. ಹಳೆಯ ಫೈಲಿನ ಹೆಸರು ಹೋದರೂ, ಅದನ್ನು ಹಿಡಿದುಕೊಂಡ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಸಾಯುವ ತನಕ ಅದರ ಐನೋಡ್, ಅಂದರೆ ಡಿಸ್ಕಿನಲ್ಲಿರುವ ನಿಜವಾದ ಫೈಲ್, ಉಳಿದಿರುತ್ತದೆ. ‘ವರ್ಶನ್’ ಕಮಾಂಡ್ ಆಗಷ್ಟೇ ಹುಟ್ಟಿದ ಪ್ರೊಸೆಸ್, ಅದಕ್ಕೆ ಹೊಸ ಲೈಬ್ರರಿ ಸಿಗುತ್ತದೆ. ಹಾಗಾಗಿ ಆ ಉತ್ತರವನ್ನು ನಂಬಿ ಕೂರಬೇಡಿ. ಓಡುತ್ತಿರುವ ಪ್ರೊಸೆಸ್‌ಗಳ ವಿವರವಿರುವ /ಪ್ರಾಕ್ ಒಳಗೆ ಎಂಜಿನ್‌ಎಕ್ಸ್‌ನ ಪಿಐಡಿ (ಪ್ರೊಸೆಸ್ ನಂಬರ್) ಹೆಸರಿನ ಫೋಲ್ಡರ್‌ಗೆ ಹೋಗಿ ‘ಮ್ಯಾಪ್ಸ್’ ಫೈಲ್ ನೋಡಿ. ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ ಫೈಲ್ ಲಿಬ್‌ಎಸ್‌ಎಸ್‌ಎಲ್ ಇರುವ ಸಾಲಿನ ಕೊನೆಯಲ್ಲಿ ‘ಡಿಲೀಟೆಡ್’ ಅಂತಿದ್ದರೆ ಪ್ಯಾಚ್ ಡಿಸ್ಕಿನಲ್ಲಿದೆ, ಮೆಮೊರಿಗೆ ಬಂದಿಲ್ಲ.

ಎಡವುವ ಎರಡನೇ ಜಾಗ ಇಲ್ಲೇ ಇದೆ. ಬಹಳ ಜನ ಸಂಪರ್ಕ ಕಡಿಯಬಾರದೆಂದು ‘ರೀಸ್ಟಾರ್ಟ್’ ಬದಲು ‘ರೀಲೋಡ್’ (ಸೆಟ್ಟಿಂಗ್ಸ್ ಮಾತ್ರ ಮತ್ತೆ ಓದಿಸುವುದು) ಕೊಡುತ್ತಾರೆ. ರೀಲೋಡ್‌ನಲ್ಲಿ ಮಾಸ್ಟರ್ ಪ್ರೊಸೆಸ್ ಬದಲಾಗುವುದಿಲ್ಲ. ಕೋರಿಕೆಗಳಿಗೆ ಉತ್ತರಿಸುವ ಹೊಸ ವರ್ಕರ್ ಪ್ರೊಸೆಸ್‌ಗಳು ಅದೇ ಹಳೆಯ ಮಾಸ್ಟರ್‌ನಿಂದ ಫೋರ್ಕ್ ಆಗಿ (ನಕಲಾಗಿ ಹುಟ್ಟಿ), ಅದೇ ಹಳೆಯ ಲೈಬ್ರರಿಯನ್ನು ಹೊತ್ತುಕೊಂಡೇ ಬರುತ್ತವೆ. ಸರ್ಟಿಫಿಕೇಟ್ ರಿನ್ಯೂ ಆದಾಗಲೆಲ್ಲ ರೀಲೋಡ್ ಆಗುತ್ತಿದೆ, ಸಾಕು ಎಂದುಕೊಂಡವರು ಇದನ್ನು ಗಮನಿಸಿ. ಪೂರ್ತಿ ರೀಸ್ಟಾರ್ಟ್ ಬೇಕೇ ಬೇಕು.

2014ರ ಏಪ್ರಿಲ್ 7ರಂದು ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಎಂಬ ತೂತು ಬಯಲಾದಾಗ ಡೆಬಿಯನ್ ತಂಡಕ್ಕೇ ಈ ತೊಂದರೆ ಎದುರಾಗಿತ್ತು. ಮೊದಲ ಪ್ಯಾಚ್‌ನ ಬೆನ್ನಿಗೇ ಇನ್ನೊಂದು ಅಪ್‌ಡೇಟ್ ಬಿಟ್ಟರು, ರೀಸ್ಟಾರ್ಟ್ ಆಗಬೇಕಾದ ಸರ್ವಿಸ್‌ಗಳನ್ನು ಹುಡುಕಿ ಕೇಳುವುದಕ್ಕೆಂದು. ಆ ಪಟ್ಟಿ ಪೂರ್ಣವಲ್ಲ ಎಂದೂ ಅದರಲ್ಲೇ ತಿಳಿಸಿದ್ದರು.

ಡೆಬಿಯನ್‌ನಲ್ಲಿ ಹಳೆಯ ಲೈಬ್ರರಿ ಹಿಡಿದಿರುವ ಸರ್ವಿಸ್‌ಗಳನ್ನು ಹುಡುಕುವ ‘ನೀಡ್‌ರೀಸ್ಟಾರ್ಟ್’ ಪ್ಯಾಕೇಜ್ ಹಾಕಿಕೊಳ್ಳಿ. ತಾನಾಗಿ ರೀಸ್ಟಾರ್ಟ್ ಆಗಬೇಕಾದರೆ ಅದರ ಕಾನ್ಫಿಗ್‌ನಲ್ಲಿ ‘ರೀಸ್ಟಾರ್ಟ್’ ಆಯ್ಕೆಗೆ ‘ಎ’ ಕೊಡಿ. ಪ್ರೋಗ್ರಾಂಗಳು ಪರಸ್ಪರ ಮಾತಾಡಲು ಬಳಸುವ ಡಿಬಸ್‌ನಂಥ ಸರ್ವಿಸ್‌ಗಳನ್ನು ಅದು ಮುಟ್ಟುವುದಿಲ್ಲ, ಅವಕ್ಕೆ ರೀಬೂಟೇ ಗತಿ. ಇನ್ನೊಂದು ಲಿನಕ್ಸ್ ಬಳಗವಾದ ರೆಡ್ ಹ್ಯಾಟ್ ಕಡೆ ‘ನೀಡ್ಸ್-ರೀಸ್ಟಾರ್ಟಿಂಗ್’ ಕಮಾಂಡ್‌ಗೆ ಮೈನಸ್ ಆರ್ ಕೊಟ್ಟಾಗ ಎಕ್ಸಿಟ್ ಕೋಡ್ 1 ಬಂದರೆ ರೀಬೂಟ್ ಬಾಕಿ ಇದೆ ಎಂದರ್ಥ.

ರೀಬೂಟ್ ಇಲ್ಲದೆಯೇ ತೂತು ಮುಚ್ಚುವ ಲೈವ್ ಪ್ಯಾಚ್ ಇದೆಯಲ್ಲ ಎನ್ನುವವರಿಗೆ: 2015ರ ಲಿನಕ್ಸ್ 4.0ರಿಂದ ಬಂದ ಆ ಸೌಲಭ್ಯ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಮಾತ್ರ. ಓಪನ್‌ಎಸ್‌ಎಸ್‌ಎಲ್ ಅದರ ವ್ಯಾಪ್ತಿಗೇ ಬರುವುದಿಲ್ಲ. ಪ್ಯಾಕೇಜಿನ ಬದಲಾದ ಭಾಗವನ್ನಷ್ಟೇ ಇಳಿಸುವ ಡೆಲ್ಟಾ ಆರ್‌ಪಿಎಂ ಉಳಿಸುತ್ತಿದ್ದುದು ಡೌನ್‌ಲೋಡ್ ಡೇಟಾ ಅಷ್ಟೇ, ಫೆಡೋರಾ 40ರಿಂದ ಅದೂ ನಿಂತಿದೆ. ಸೆಂಟ್‌ಓಎಸ್ 7 ಇನ್ನೂ ಓಡಿಸುತ್ತಿದ್ದವರು ‘ಯಮ್ ಅಪ್‌ಡೇಟ್’ಗೆ ‘ಸೆಕ್ಯುರಿಟಿ’ ಆಯ್ಕೆ ಸೇರಿಸಿ ನೆಮ್ಮದಿಯಾಗಿದ್ದರೆ, ಅದರ ರೆಪೊಗಳಲ್ಲಿ (ಪ್ಯಾಕೇಜ್ ಭಂಡಾರಗಳಲ್ಲಿ) ಯಾವುದು ಸೆಕ್ಯುರಿಟಿ ಅಪ್‌ಡೇಟ್ ಎಂಬ ಮಾಹಿತಿಯೇ ಇರಲಿಲ್ಲ. ಆ ಕಮಾಂಡ್ ಏನನ್ನೂ ಹಾಕಿಲ್ಲ.

ಎಲ್ಲಕ್ಕಿಂತ ಕೆಟ್ಟ ದಾರಿ ಸೋರ್ಸ್‌ನಿಂದ ಕಂಪೈಲ್ ಮಾಡುವುದು. ತೂತು ಹುಡುಕುವ ಸ್ಕ್ಯಾನರ್ ವರ್ಶನ್ ನಂಬರ್ ನೋಡಿ ಕೆಂಪು ತೋರಿಸುತ್ತದೆ, ಗಾಬರಿಯಲ್ಲಿ ಹೊಸ ವರ್ಶನ್ ಬಿಲ್ಡ್ ಮಾಡಿ /ಯುಎಸ್‌ಆರ್/ಲೋಕಲ್‌ಗೆ ಸುರಿಯುತ್ತಾರೆ. ಆದರೆ ಡಿಸ್ಟ್ರೋಗಳು (ಡೆಬಿಯನ್, ರೆಡ್ ಹ್ಯಾಟ್‌ನಂಥ ಲಿನಕ್ಸ್‌ಗಳು) ಹಳೆಯ ನಂಬರನ್ನೇ ಇಟ್ಟುಕೊಂಡು ಪರಿಹಾರವನ್ನು ಬ್ಯಾಕ್‌ಪೋರ್ಟ್ ಮಾಡುತ್ತವೆ, ಅಂದರೆ ಹಳೆಯ ವರ್ಶನ್ನಿಗೇ ಸೇರಿಸುತ್ತವೆ. ಹಾರ್ಟ್‌ಬ್ಲೀಡ್‌ಗೆ ಮೂಲ ಪ್ರಾಜೆಕ್ಟಿನ ಪರಿಹಾರ ಬಂದದ್ದು 1.0.1ಜಿ ಯಲ್ಲಿ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6 ಅದನ್ನೇ 1.0.1ಇ ಪ್ಯಾಕೇಜಿಗೆ ಸೇರಿಸಿ ಕೊಟ್ಟಿತ್ತು. ಆದ್ದರಿಂದ ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) ಸಿವಿಇ ನಂಬರ್, ಅಂದರೆ ಆ ತೂತಿನ ಗುರುತಿನ ಸಂಖ್ಯೆ, ಹುಡುಕಿ. ಕೈಯಾರೆ ಬಿಲ್ಡ್ ಮಾಡಿ ಹಾಕಿದ ಲೈಬ್ರರಿಯನ್ನು ಎಪಿಟಿಯ (ಡೆಬಿಯನ್‌ನ ಪ್ಯಾಕೇಜ್ ಕಮಾಂಡ್) ಮುಂದಿನ ಯಾವ ಅಪ್‌ಡೇಟೂ ಮುಟ್ಟುವುದಿಲ್ಲ.

ತಮ್ಮದೇ ಲೈಬ್ರರಿಗಳನ್ನು ಒಳಗೇ ಇಟ್ಟುಕೊಂಡು ಓಡುವ ಡಾಕರ್ ಕಂಟೇನರ್‌ಗಳಿದ್ದರೆ ಹೋಸ್ಟ್‌ನ (ಅವು ಓಡುವ ಸರ್ವರ್‌ನ) ಪ್ಯಾಚ್ ಅವುಗಳ ಒಳಗೆ ಹೋಗುವುದಿಲ್ಲ. ಕಂಟೇನರ್‌ನ ಅಚ್ಚಾದ ಇಮೇಜ್ ಮತ್ತೆ ಬಿಲ್ಡ್ ಆಗಬೇಕು, ಅದೂ ‘ಪುಲ್’ ಮತ್ತು ‘ನೋ-ಕ್ಯಾಶ್’ ಆಯ್ಕೆಗಳೊಂದಿಗೆ. ಇಲ್ಲದಿದ್ದರೆ ಎಪಿಟಿ ಅಪ್‌ಗ್ರೇಡ್ ಇರುವ ಲೇಯರ್ (ಇಮೇಜ್‌ನ ಪದರ) ಹಿಂದೆ ಉಳಿಸಿಟ್ಟ ಕ್ಯಾಶ್‌ನಿಂದಲೇ ಬರುತ್ತದೆ, ಒಳಗೆ ಹಳೆಯ ಲಿಬ್‌ಎಸ್‌ಎಸ್‌ಎಲ್ ಹಾಗೇ ಇರುತ್ತದೆ.